ಮೂರು ಮಾದರಿ, ಒಂದು ಗ್ರೀನ್

ಮೊಣ್ಣಪ್ಪ ಗಾಲ್ಫ್ ಮೈದಾನಗಳನ್ನು ರೂಪಿಸುವವರು. ಇಂದುಧರ ಅವರ ಬಳಿ ಆ ಕೆಲಸ ಕಲಿಯುತ್ತಿದ್ದ.

ಹೊಸ ಮೈದಾನ ನದಿಯ ದಂಡೆಯಲ್ಲಿತ್ತು. ಅದರಲ್ಲಿ ಒಂದು ಗ್ರೀನ್ ಇಂದುಧರನ ಪಾಲಿಗೆ ಬಂದಿತ್ತು. ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗವೇ ಗ್ರೀನ್. ಅದು ಅವನ ಮೊದಲನೆಯದು.

"ಮೊದಲು ಮರಳಲ್ಲಿ ಮಾಡಿ ತೋರಿಸು," ಎಂದಿದ್ದರು ಗುರು. "ಸರಿಯಿದ್ದರೆ ಎದುರಿಗಿರೋ ಆ ದಿಬ್ಬ ಕಡಿದು ನಿನ್ನ ಗ್ರೀನ್ ಮಾಡೋಣ. ಇಲ್ಲದಿದ್ದರೆ ನಾನೇ ಮಾಡ್ತೇನೆ. ಕಡಿದ ದಿಬ್ಬ ಮತ್ತೆ ಬೆಳೆಯೋದಿಲ್ಲ."

ದಿಬ್ಬದ ಪಕ್ಕ ಜೆಸಿಬಿ ನಿಂತಿತ್ತು. ಸಂಜೆಗೆ ಅದು ಬೇರೆ ಊರಿಗೆ ಹೋಗಬೇಕು. ಚಾಲಕ ಮಾದೇಶ ಆಗಾಗ ಬಂದು ಇಣುಕುತ್ತಿದ್ದ.

"ಏನ್ ಸಾರ್, ಮರಳಾಟ ಮುಗೀತಾ?"

ಇಂದುಧರ ಒದ್ದೆ ಮರಳನ್ನು ಕರಣೆಯಿಂದ ತಟ್ಟಿದ. ಎದ್ದು ಒಂದು ಸುತ್ತು ಬಂದ. ಮತ್ತೆ ತಟ್ಟಿದ. ತಟ್ಟಿದ್ದನ್ನು ಕೆರೆದ.

"ಕೂತು ಮಾಡು," ಎಂದರು ಮೊಣ್ಣಪ್ಪ.

"ಕೂತರೆ ಕೈ ನಿಂತುಬಿಡುತ್ತೆ ಮೇಷ್ಟ್ರೇ."

"ಅದಕ್ಕೇ ಹೇಳಿದ್ದು."

ಅವನು ಕೂರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚಾಪೆಯಷ್ಟು ದೊಡ್ಡ ಗ್ರೀನ್ ಮರಳಿನಲ್ಲಿ ಎದ್ದಿತು. ಒಂದು ಕಡೆ ಗುಳಿಯ ಗುರುತಿಗೆ ಕಡ್ಡಿ ನೆಟ್ಟಿದ್ದ.

"ಇದರಲ್ಲಿ ಮೂರು ಹಳೆಯ ಮಾದರಿ ಇವೆ," ಎಂದ. "ರೆಡಾನ್, ಅಂದರೆ ನೆಲ ಓರೆಯಾಗಿ ಹಿಂದಕ್ಕೆ ಜಾರುತ್ತೆ. ಬಿಯಾರಿಟ್ಜ್, ನಡುವೆ ಅಡ್ಡಲಾಗಿ ಆಳದ ತಗ್ಗು. ಪಂಚ್‌ಬೌಲ್, ಸುತ್ತಲೂ ಬೋಗುಣಿಯ ಹಾಗೆ ಅಂಚು. ಮೂರನ್ನೂ ಸೇರಿಸಿದವರನ್ನು ನಾನು ಕಂಡಿಲ್ಲ."

"ಯಾಕೆ ಸೇರಿಸಲಿಲ್ಲವೋ?"

"ಧೈರ್ಯ ಬರಲಿಲ್ಲವೇನೋ."

ಮೊಣ್ಣಪ್ಪ ಜೇಬಿನಿಂದ ಗೋಲಿ ತೆಗೆದು ಗ್ರೀನಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತರು. ತಗ್ಗಿನ ಎಡಗೊನೆಯಲ್ಲಿ ಒಂದು ಅಂಗೈ ಇಟ್ಟರು. ಕಣ್ಣು ಮುಚ್ಚಿಕೊಂಡು ಇನ್ನೊಂದು ಕೈಯಿಂದ ಗೋಲಿ ಉರುಳಿಸಿದರು.

ಗೋಲಿ ಇಳಿಜಾರಿನಲ್ಲಿ ಜಾರಿತು. ತಗ್ಗಿಗೆ ಬಿತ್ತು. ಅಲ್ಲಿಂದ ನೇರ ಅವರ ಅಂಗೈಗೆ ಬಂತು.

ಜಾಗ ಬದಲಿಸಿ ಮೆಲ್ಲಗೆ ಬಿಟ್ಟರು. ಅಂಗೈಗೆ ಬಂತು. ಜೋರಾಗಿ ಬಿಟ್ಟರು. ಅಂಚಿಗೆ ಹೊಡೆದು, ತಿರುಗಿ, ತಗ್ಗಿಗಿಳಿದು, ಅಂಗೈಗೆ ಬಂತು.

"ನೋಡದೆ ಹೇಗೆ ಹಿಡಿದಿರಿ?"

"ಬೇರೆ ಎಲ್ಲಿಗಾದರೂ ಹೋಗೋಕೆ ಬಿಟ್ಟಿದ್ದೀಯಾ ಅದನ್ನ?"

ಇಂದುಧರನ ಮುಖ ಕೆಂಪಾಯಿತು. ಕರಣೆ ಎತ್ತಿಕೊಂಡ. ನಡುವೆ ಒಂದು ಉಬ್ಬು ಸೇರಿಸಿದ. ಅಂಚನ್ನು ಇನ್ನಷ್ಟು ಏರಿಸಿದ.

ಗುರು ಕಣ್ಣು ಮುಚ್ಚಿದರು. ಗೋಲಿ ಉಬ್ಬನ್ನು ಬಳಸಿಕೊಂಡು ಅಂಗೈಗೇ ಬಂತು.

"ಸ್ವಲ್ಪ ಸುತ್ತಿ ಬಂತು," ಎಂದರು. "ದಾರೀಲಿ ಕಾಫಿ ಕುಡಿದಿರಬೇಕು."

ಮಾದೇಶ ದೂರದಿಂದ ನಕ್ಕ.

ಇಂದುಧರ ಎರಡೂ ಕೈಯಿಂದ ಎಲ್ಲವನ್ನೂ ಅಳಿಸಿದ. ಕಡ್ಡಿಯೊಂದನ್ನು ಬಿಟ್ಟು ಮರಳು ಹಲಗೆಯಂತೆ ಸಪಾಟಾಯಿತು.

ಗುರು ಗೋಲಿ ಬಿಟ್ಟರು. ಅದು ಒಂದಿಷ್ಟು ಹೋಗಿ ನಿಂತಿತು. ಗುರು ಆಕಳಿಸಿದರು.

"ಮತ್ತೇನು ಮಾಡಲಿ?" ಶಿಷ್ಯನ ದನಿ ಏರಿತು. "ಮೂರೂ ಒಳ್ಳೆಯವೇ. ಬೇರೆ ಬೇರೆ ಕಡೆ ಮೂರೂ ಗೆದ್ದಿವೆ. ಯಾವುದನ್ನ ಬಿಡಲಿ?"

"ಬಿಡು ಅಂತ ನಾನು ಹೇಳಿದೆನಾ? ಮೂವರು ನೆಂಟರನ್ನ ಕರೆದೆ, ಸಂತೋಷ. ಮೂವರನ್ನೂ ಒಂದೇ ಮಂಚದ ಮೇಲೆ ಮಲಗಿಸಿದೆ."

"ಹಾಗಾದರೆ ಯಾರಿಗೆ ಮಂಚ?"

"ನೆಂಟರನ್ನ ಕೇಳು."

ಗೋಲಿಯನ್ನು ಅವನ ಕೈಗಿಟ್ಟು ಮೊಣ್ಣಪ್ಪ ಹೊಳೆಯಲ್ಲಿ ಕಾಲು ತೊಳೆಯಲು ಹೋದರು.

ಬಿಸಿಲು ಓರೆಯಾಯಿತು. ಮಾದೇಶ ಒಮ್ಮೆ ಎಂಜಿನ್ ಶುರು ಮಾಡಿ ನಿಲ್ಲಿಸಿದ. ಇಂದುಧರ ದಿಬ್ಬದವರೆಗೆ ನಡೆದ, ತಿರುಗಿ ಬಂದ, ಮತ್ತೆ ನಡೆದ. ಕೊನೆಗೆ ಮರಳಿನ ಮೇಲೆ ಕೂತ.

ಮೊದಲು ಇಳಿಜಾರೊಂದನ್ನೇ ಮಾಡಿದ. ಕರಣೆ ಕೆಳಗಿಟ್ಟು ಗೋಲಿ ಉರುಳಿಸಿದ. ನೋಡಿದ. ಮತ್ತೆ ಉರುಳಿಸಿದ. ಸರಿಯಾಗಿ ಬಿಟ್ಟ ಗೋಲಿ ಓರೆಯಾಗಿ ಹರಿದು ಕಡ್ಡಿಯತ್ತ ಹೋಗುತ್ತಿತ್ತು. ಆ ದಾರಿಯನ್ನು ಅವನು ಮುಟ್ಟಲಿಲ್ಲ.

ಮೆಲ್ಲಗೆ ಬಿಟ್ಟ ಗೋಲಿ ಬೇರೆ ಕಡೆ ತಿರುಗುತ್ತಿತ್ತು. ತಗ್ಗನ್ನು ಅಲ್ಲಿ ತೋಡಿದ. ಈ ಸಲ ಅದು ಅಡ್ಡಕ್ಕೆ ಪೂರ್ತಿ ಹೋಗಲಿಲ್ಲ. ಅರ್ಧದಲ್ಲೇ ತೆಳುವಾಗಿ ಮುಗಿಯಿತು.

ಜೋರಾಗಿ ಬಿಟ್ಟದ್ದು ಹಿಂದಿನ ಒಂದು ಮೂಲೆಯಿಂದ ಹೊರಗೆ ಹಾರುತ್ತಿತ್ತು. ಆ ಮೂಲೆಗೆ ಮಾತ್ರ ಅಂಚು ಕಟ್ಟಿದ. ಉಳಿದ ಸುತ್ತು ಬಯಲಾಗಿಯೇ ಇತ್ತು.

ಗುರು ಬಂದರು. ಮೊದಲಿನ ಜಾಗದಲ್ಲೇ ಅಂಗೈ ಇಟ್ಟು ಕಣ್ಣು ಮುಚ್ಚಿ ಗೋಲಿ ಬಿಟ್ಟರು.

ಅಂಗೈ ಖಾಲಿಯೇ ಇತ್ತು.

"ಎಲ್ಲಿ ಹೋಯ್ತು?"

"ಕಡ್ಡಿಯಿಂದ ಒಂದು ಗೇಣು ಆಚೆ."

ಅಂಗೈಯನ್ನು ಅಲ್ಲಿಗೆ ಸರಿಸಿ ಮತ್ತೆ ಬಿಟ್ಟರು.

"ಈಗ?"

"ತಗ್ಗಿನಲ್ಲಿದೆ."

"ಅಷ್ಟು ಮೆಲ್ಲಗೆ ಬಿಟ್ಟೆನಾ ನಾನು?"

"ಹೌದು ಮೇಷ್ಟ್ರೇ."

ಮೊಣ್ಣಪ್ಪ ಕಣ್ಣು ತೆರೆದರು. ಪಂಚೆ ಮೇಲೆತ್ತಿ ಕಟ್ಟಿದರು. ಮರಳಿನ ಮೇಲೆ ಮೊಣಕೈಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿ, ಇಳಿಜಾರನ್ನು ದಿಟ್ಟಿಸಿದರು. ಗೋಲಿಯನ್ನು ಒಂದು ಜಾಗದಲ್ಲಿಟ್ಟರು. ಅಲ್ಲಿಂದ ತೆಗೆದು ಇನ್ನೊಂದು ಜಾಗದಲ್ಲಿಟ್ಟರು.

ಮಾದೇಶ ಎಂಜಿನ್ ಶುರು ಮಾಡಿ ಮೇಲಿಂದ ಕೂಗಿದ. "ಸಾರ್, ಹೊತ್ತಾಯ್ತು. ದಿಬ್ಬ ಕಡೀಲಾ, ಇಲ್ಲಾ ಹೊರಡ್ಲಾ?"

ಇಂದುಧರ ಗುರುವಿನ ಕಡೆ ನೋಡಿದ. "ಮೇಷ್ಟ್ರೇ, ಏನು ಹೇಳಲಿ ಅವನಿಗೆ?"

ಮೊಣ್ಣಪ್ಪ ತಲೆಯೆತ್ತಲಿಲ್ಲ.

"ಸ್ವಲ್ಪ ಕಾಯೋಕೆ ಹೇಳು. ಕಡಿಯೋ ಮೊದಲು ನಾನು ಇನ್ನೊಂದು ಸಲ ಆಡಬೇಕು."