ಒಂದೇ ಕೈ ಗಾಡಿ

ಚಿತ್ರದುರ್ಗದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದ ಕೊಟ್ರಪ್ಪನವರ ಹತ್ತಿರ ಒಂದು ಹಳೆಯ ಬಿಳಿ ಕಾರಿತ್ತು. ಯಾರಾದರೂ ಅದರ ಮಾತು ತೆಗೆದರೆ ಸಾಕು, ಅವರ ಎದೆ ಉಬ್ಬುತ್ತಿತ್ತು. ಇದು ಒಂದೇ ಕೈ ಗಾಡಿ, ಕೊಂಡಾಗಿನಿಂದ ಬೇರೆಯವರ ಕೈ ಬಿದ್ದಿಲ್ಲ ಎನ್ನುತ್ತಿದ್ದರು. ಹಳೇ ಗಾಡಿ ಮಾರುವವರು ಗಿರಾಕಿಗೆ ಹೇಳುವ ಮಾತು ಅದು. ಮಾರುವ ಯೋಚನೆಯೇ ಇಲ್ಲದ ಕೊಟ್ರಪ್ಪನವರು ಅದನ್ನು ಮದುವೆ ಮನೆಯ ಪಂಕ್ತಿಯಲ್ಲೂ ಹೇಳುತ್ತಿದ್ದರು.

ಮಾತು ಸುಳ್ಳಲ್ಲ. ಆ ಕಾರು ಬೇರೆ ಯಾರಿಗೂ ಬಗ್ಗುವಂತಿರಲಿಲ್ಲ. ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಗಾಜು ಇಳಿಸಿ, ಕೈ ಹೊರಗೆ ಹಾಕಿ ತೆಗೆಯಬೇಕು. ಸ್ಟೇರಿಂಗ್ ಸ್ವಲ್ಪ ತಿರುಗಿದಾಗ ಮಾತ್ರ ಹಾರನ್ ಕೂಗುತ್ತಿತ್ತು. ಹಾಗಾಗಿ ನೇರ ರಸ್ತೆಯಲ್ಲಿ ಹಾರನ್ ಬೇಕಾದಾಗ ಕೊಟ್ರಪ್ಪನವರು ಗಾಡಿಯನ್ನೇ ಓಲಾಡಿಸುತ್ತಿದ್ದರು. ಮನೆಯವರಿಗೆ ಇದೆಲ್ಲ ರೂಢಿಯಾಗಿಬಿಟ್ಟಿತ್ತು. ಹೆಂಡತಿ ವಿಶಾಲಾಕ್ಷಮ್ಮ ರೇಷ್ಮೆ ಸೀರೆ ಉಟ್ಟಾಗಲೂ ಗಾಜಿನಾಚೆ ಕೈ ಹಾಕಿ ಬಾಗಿಲು ತೆಗೆದು, ಏನೂ ಆಗದವರ ಹಾಗೆ ಇಳಿಯುತ್ತಿದ್ದರು.

ಪ್ರತಿ ವರ್ಷ ಆಯುಧ ಪೂಜೆಯ ದಿನ ಮಾತ್ರ ಪ್ರಶ್ನೆ ಏಳುತ್ತಿತ್ತು. ಕಾರು ತೊಳೆದು, ಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುವಾಗ ವಿಶಾಲಾಕ್ಷಮ್ಮ ಕೇಳುತ್ತಿದ್ದರು: ಇದನ್ನು ರಿಪೇರಿ ಮಾಡಿಸುವುದೋ, ಕೊಟ್ಟು ಬೇರೆ ತರುವುದೋ? ಪೂಜೆಯ ದಿನ ಗಾಡಿಯ ಮುಂದೆ ಅಂಥ ಮಾತು ಆಡಬಾರದು ಎಂದು ಕೊಟ್ರಪ್ಪನವರು ಬಾಯಿ ಮುಚ್ಚಿಸುತ್ತಿದ್ದರು. ಮರುದಿನ ವಿಜಯದಶಮಿ, ಅದರ ಮರುದಿನ ಅಂಗಡಿ, ಅಲ್ಲಿಗೆ ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ಹೊಸದು ತನ್ನಿ ಎಂದರೆ "ಇದಕ್ಕೇನಾಗೈತೆ?" ಎನ್ನುತ್ತಿದ್ದರು. ಹಾಗಾದರೆ ಇದನ್ನೇ ರಿಪೇರಿ ಮಾಡಿಸಿ ಎಂದರೂ ಅದೇ ಉತ್ತರ.

ಹೀಗಿರುವಾಗ ಅವರ ಮಗಳು ಪಲ್ಲವಿಗೆ ಪಕ್ಕದ ಊರಿನ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಬಸ್ಸು ನಂಬಿಕೊಂಡರೆ ಮೊದಲ ಗಂಟೆಯ ಪಾಠ ತಪ್ಪುತ್ತಿತ್ತು. ಹುಡುಗಿ ಡ್ರೈವಿಂಗ್ ಸ್ಕೂಲಿಗೆ ಸೇರಿ, ಲೈಸೆನ್ಸ್ ಪಡೆದು, ಅಪ್ಪನ ಹತ್ತಿರ ಕಾರು ಕೇಳಿದಳು. ಅದು ನನ್ನ ಕೈಯನ್ನೇ ಕೇಳುತ್ತದೆ, ನಿನಗೆ ಬಗ್ಗುವುದಿಲ್ಲ ಎಂದರು ಕೊಟ್ರಪ್ಪನವರು. ಅಡುಗೆಮನೆಯಲ್ಲಿದ್ದ ವಿಶಾಲಾಕ್ಷಮ್ಮ ಒಲೆ ಆರಿಸಿ ಹೊರಗೆ ಬಂದರು. ಇಷ್ಟು ವರ್ಷ ಕೇಳಿ ಕೇಳಿ ಅವರಿಗೆ ಸಾಕಾಗಿತ್ತು.

"ಇವತ್ತು ತೀರ್ಮಾನ ಆಗ್ಲೇಬೇಕು ಕಣ್ರೀ" ಎಂದರು. "ಅವಳು ಓಡಿಸ್ಲಿ. ನೀವು ಪಕ್ಕದಾಗೆ ಕೂತ್ಕೊಳ್ರಿ, ಬಾಯಿ ಬಿಡಂಗಿಲ್ಲ. ಏನೂ ಹೇಳಿಕೊಡ್ದೆ ಗಾಡಿ ಅವಳ ಮಾತು ಕೇಳ್ತು ಅಂದ್ರೆ, ಇದು ಸರಿಯಾಗೈತೆ ಅಂತ ನಾನೇ ಒಪ್ಕೋತೀನಿ. ಕೇಳ್ಲಿಲ್ಲ ಅಂದ್ರೆ ರಿಪೇರಿನೋ, ಬೇರೇದೋ, ಯಾವುದಾದ್ರೂ ಒಂದು."

ಬಾಗಿಲು, ಹಾರನ್ ತಾನೇ, ಅದು ಮಗಳಿಗೂ ಗೊತ್ತು ಎಂದುಕೊಂಡ ಕೊಟ್ರಪ್ಪನವರು ಧೈರ್ಯವಾಗಿ ಒಪ್ಪಿದರು.

ಕಾರು ಹೊರಟಿತು. ಪಲ್ಲವಿ ಚೆನ್ನಾಗಿಯೇ ಓಡಿಸಿದಳು, ಏರು ದಾರಿಯಲ್ಲಿ ಬ್ರೇಕಿಗೆ ಕೆಲಸವೇ ಬೀಳಲಿಲ್ಲ. ಹಿಂದಿನ ಸೀಟಿನಲ್ಲಿ ಕೂತ ತಾಯಿಗೆ ಒಳಗೊಳಗೇ ಹೆಮ್ಮೆ. ಕೋಟೆ ಕಡೆಯಿಂದ ಇಳಿಜಾರಿನಲ್ಲಿ ಬರುವಾಗ, ತಿರುವಿನಲ್ಲಿ ಸೀಬೆಹಣ್ಣಿನ ತಳ್ಳುಗಾಡಿ ಎದುರಾಯಿತು. ಅದನ್ನು ಮುಂದಿನಿಂದ ಎಳೆಯುತ್ತಿದ್ದ ಹೆಂಗಸು ಕಾರಿಗೆ ಬೆನ್ನು ಮಾಡಿ ನಡೆಯುತ್ತಿದ್ದಳು. ಪಲ್ಲವಿ ತನಗೆ ಕಲಿಸಿದ್ದಂತೆ ಗಾಬರಿಯಾಗದೆ ಬ್ರೇಕನ್ನು ಗಟ್ಟಿಯಾಗಿ ತುಳಿದಳು.

ಪೆಡಲ್ ಸುಮ್ಮನೆ ಕೆಳಗೆ ಹೋಯಿತು. ಕಾರು ನಿಲ್ಲಲಿಲ್ಲ.

ಕೊಟ್ರಪ್ಪನವರಿಗೆ ಆಗ ನೆನಪಾಯಿತು. ಆ ಬ್ರೇಕು ಮೊದಲ ಸಲ ತುಳಿದರೆ ಹಿಡಿಯುತ್ತಿರಲಿಲ್ಲ, ಎರಡನೇ ಸಲಕ್ಕೆ ಹಿಡಿಯುತ್ತಿತ್ತು. ಅವರ ಕಾಲು ಎಷ್ಟೋ ವರ್ಷದಿಂದ ತಾನಾಗಿಯೇ ಎರಡು ಸಲ ತುಳಿಯುತ್ತಿತ್ತು. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಅವರಿಗೇ ಮರೆತುಹೋಗಿತ್ತು ಎಂದ ಮೇಲೆ ಇನ್ಯಾರಿಗೆ ಹೇಳಿಯಾರು?

"ಇನ್ನೊಂದ್ಸಲ ತುಳಿ!" ಎಂದು ಕಿರುಚಿದರು.

ಪಲ್ಲವಿ ತುಳಿದಳು. ಕಾರಿನ ಮೂತಿ ತಳ್ಳುಗಾಡಿಗೆ ತಾಗಿ ನಿಂತಿತು. ಹಣ್ಣುಗಳು ಇಳಿಜಾರಿನಲ್ಲಿ ಉರುಳಿಹೋದವು. ಹೆಂಗಸಿಗೆ ಏನೂ ಆಗಿರಲಿಲ್ಲ. ಅವಳು ಬಾಯಿಗೆ ಬಂದಂತೆ ಬೈದಳು, ಬೈಯಬೇಕಾದದ್ದೇ. ಕೊಟ್ರಪ್ಪನವರು ರಸ್ತೆಯಲ್ಲಿ ಬಗ್ಗಿ ಹಣ್ಣು ಆರಿಸಿದರು, ಜಜ್ಜಿಹೋದದ್ದನ್ನೆಲ್ಲ ತಾವೇ ಕೊಂಡರು. ತಾವು ಬಾಯಿ ಬಿಡುವುದು ಒಂದು ಗಳಿಗೆ ತಡವಾಗಿದ್ದರೆ ಆ ಹೆಂಗಸಿನ ಗತಿಯೇನು, ಜೀವನವಿಡೀ ಅದನ್ನು ಹೊರಬೇಕಾಗಿದ್ದ ಮಗಳ ಗತಿಯೇನು ಎಂಬ ಯೋಚನೆ ಅವರನ್ನು ಬಿಡಲಿಲ್ಲ.

ಪಲ್ಲವಿ ಸ್ಟೇರಿಂಗ್ ಬಿಟ್ಟಿರಲಿಲ್ಲ. "ಅಪ್ಪಾಜಿ, ಇದು ನಿಮಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು ಮಗಳೇ. ಕೆಟ್ಟೈತೆ ಅಂತ ಮಾತ್ರ ಗೊತ್ತಿರ್ಲಿಲ್ಲ" ಎಂದರು ಕೊಟ್ರಪ್ಪನವರು.

ಅಲ್ಲಿಂದ ಅವರು ಮನೆಗೆ ಹೋಗಲಿಲ್ಲ, ಗ್ಯಾರೇಜಿನವನನ್ನೇ ಅಲ್ಲಿಗೆ ಕರೆಸಿ ಕಾರು ಒಯ್ಯಿಸಿದರು. ಏನೇನು ಕೆಟ್ಟಿದೆ ಎಂದು ಅವನು ಕೇಳಿದರೆ ಕೊಟ್ರಪ್ಪನವರಿಗೆ ಒಂದೂ ಹೊಳೆಯದು. ಹೆಂಡತಿ, ಮಗಳು ಹೇಳುತ್ತ ಹೋದರು. ಸಂಜೆಯೊಳಗೆ ಬ್ರೇಕು ಸರಿಯಾಯಿತು, ಬಾಗಿಲೂ ಹಾರನ್ನೂ ಸರಿಯಾದವು. ಅರ್ಧ ದಿನದ ಕೆಲಸ ಅಷ್ಟು ವರ್ಷ ಕಾದಿತ್ತು. ಮನೆಗೆ ಬಂದ ಕೊಟ್ರಪ್ಪನವರು ಇಬ್ಬರನ್ನೂ ಕೂರಿಸಿ ಒಂದು ಕಟ್ಟಳೆ ಮಾಡಿದರು. ಇನ್ನು ಮೇಲೆ ಈ ಗಾಡಿಯ ಗುಟ್ಟನ್ನು ಯಾರಿಗಾದರೂ ಹೇಳಿಕೊಡಬೇಕಾಗಿ ಬಂದರೆ ಅದೇ ದಿನ ಗ್ಯಾರೇಜು. ಗ್ಯಾರೇಜಿನಲ್ಲಿ ಆಗದು ಎಂದರೆ ಅದೇ ದಿನ ವಿದಾಯ.

ಪಲ್ಲವಿ ಅದೇ ಕಾರಿನಲ್ಲಿ ಶಾಲೆಗೆ ಹೋಗತೊಡಗಿದಳು. ಗಾಡಿ ಚೆನ್ನಾಗಿ ನಡೆಯಿತು, ಒಂದು ಮಳೆಗಾಲವನ್ನೂ ದಾಟಿತು. ಆಮೇಲೊಂದು ಬೆಳಿಗ್ಗೆ ಹೊರಡುವಾಗ, ಗೇರು ಹಾಕಿದರೆ ನಿಲ್ಲದೆ ಜಾರುತ್ತಿದೆ ಎಂದಳು. ಕೊಟ್ರಪ್ಪನವರು ಕಿಟಕಿಯ ಹತ್ತಿರ ಬಂದು ಬಗ್ಗಿದರು.

"ಅದೇನಿಲ್ಲಮ್ಮ, ಸ್ವಲ್ಪ ಎಡಕ್ಕೆ ಒತ್ತಿ ಹಿಡ್ಕೊಂಡ್ರೆ..."

ಅಷ್ಟು ಹೇಳಿ ತಾವೇ ನಿಲ್ಲಿಸಿದರು. ಕೊಟ್ರಪ್ಪನವರು ಮುಂದೆ ಹೋಗಿ ಬಾನೆಟ್ಟಿನ ಮೇಲೆ ಕೈ ಇಟ್ಟರು. ಹೆರಿಗೆ ಆಸ್ಪತ್ರೆಯಿಂದ ಮಗಳನ್ನು ಮನೆಗೆ ತಂದ ಕಾರು ಅದು. ಅವರಿಗೆ ದುಃಖವಾಯಿತು, ಅದನ್ನು ಮುಚ್ಚಿಡಲಿಲ್ಲ.

"ಇಳಿಯಮ್ಮ. ಇವತ್ತು ಬಸ್ಸಲ್ಲಿ ಹೋಗು" ಎಂದರು.

ಗೇರ್ ಬಾಕ್ಸ್ ಸವೆದಿದೆ, ತಳವೂ ತುಕ್ಕು ಹಿಡಿದಿದೆ, ಇನ್ನು ರಿಪೇರಿ ದಂಡ ಎಂದ ಗ್ಯಾರೇಜಿನವನು. ಕೊಟ್ರಪ್ಪನವರು ವಾದ ಮಾಡಲಿಲ್ಲ. ಅಂದೇ ಕಾರನ್ನು ಗುಜರಿಗೆ ಒಪ್ಪಿಸಿ, ಕಣ್ಣು ಒರೆಸಿಕೊಂಡು ನಡೆದೇ ಮನೆಗೆ ಬಂದರು.

ನೀತಿ: ರಿಪೇರಿಯೋ ಹೊಸದೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ನಾವು ಹೊಂದಿಕೊಂಡು ಮರೆತೇಬಿಟ್ಟ ದೋಷ ಯಾವುದು ಎಂದು ನೋಡಿಕೊಳ್ಳಬೇಕು. ರೂಢಿಯಾದ ಮಾತ್ರಕ್ಕೆ ಕೆಟ್ಟದ್ದು ಸರಿಹೋಗುವುದಿಲ್ಲ. ಅದರ ಪೆಟ್ಟು ಬೀಳುವುದು ಆ ರೂಢಿಯಿಲ್ಲದವರ ಮೇಲೆ.