ನಡುಗೆರೆ ದಾಟದ ಆಟಗಾರ

ಕಾಳಿ ನದಿಯ ದಂಡೆಯಲ್ಲಿ ಒಂದು ಕಾಲೇಜು. ಅದರ ಫುಟ್‌ಬಾಲ್ ತಂಡವನ್ನು ದತ್ತಾರಾಮ ಮಾಸ್ತರರು ಹದಿನಾರು ವರ್ಷ ಬೆಳೆಸಿದ್ದರು. ಆ ವರ್ಷ ಅವರು ನಿವೃತ್ತರಾದರು.

ಅವರ ಜಾಗಕ್ಕೆ ಮಂಗಳೂರಿನ ಕಡೆಯಿಂದ ಸಿಕ್ವೇರಾ ಎಂಬ ಕೋಚ್ ಬಂದರು. ಗೋಲ್‌ಕೀಪರನನ್ನು ತಯಾರು ಮಾಡಲು ಶಕೀಲ್ ಎಂಬ ಸಹಾಯಕನನ್ನೂ ಕರೆತಂದರು.

ತಂಡದ ನಾಯಕ ರೋಹಿದಾಸ ಹರಿಕಂತ್ರ. ಬಿ.ಎ. ಕೊನೆಯ ವರ್ಷ. ಆಟದಲ್ಲಿ ಅವನಿಗೆ ಗೊತ್ತಿದ್ದುದೆಲ್ಲ ಮಾಸ್ತರರು ಹೇಳಿಕೊಟ್ಟದ್ದು. ಅವರ ಕಟ್ಟಳೆಗಳಲ್ಲಿ ಒಂದು ಹೀಗಿತ್ತು: ರೈಟ್ ಬ್ಯಾಕ್, ಅಂದರೆ ಹಿಂದೆ ಬಲಬದಿಯನ್ನು ಕಾಯುವವನು, ಯಾವ ಕಾರಣಕ್ಕೂ ಮೈದಾನದ ನಡುಗೆರೆ ದಾಟಬಾರದು.

ಸಿಕ್ವೇರಾ ಮೊದಲ ವಾರವೇ ಅದನ್ನು ಬದಲಿಸಿದರು. ಚೆಂಡು ನಮ್ಮವರಿಗೆ ಸಿಕ್ಕ ಕೂಡಲೆ ರೈಟ್ ಬ್ಯಾಕ್ ಮುಂದಕ್ಕೆ ಓಡಬೇಕು ಎಂದರು.

ರೋಹಿದಾಸ ಎದುರಾಡಲಿಲ್ಲ. ಆದರೆ ಮರುದಿನದಿಂದ ಬೆಳಿಗ್ಗೆ ಬೇಗನೆ ಹುಡುಗರನ್ನು ನದಿಯ ಮರಳಿಗೆ ಕರೆದು ಹಳೆಯ ಆಟವನ್ನೇ ಆಡಿಸತೊಡಗಿದ. ಮಾಸ್ತರರ ಆಟ ಅವರ ಬೆನ್ನ ಹಿಂದೆಯೇ ಸಾಯಬಾರದು ಎಂದು ಹುಡುಗರಿಗೆ ಹೇಳಿದ. ಅರ್ಧ ತಂಡ ಬಂತು.

ಶಕೀಲನಿಗೆ ಇದು ತಿಳಿಯಿತು. ರೋಹಿದಾಸನನ್ನು ನಾಯಕನ ಸ್ಥಾನದಿಂದ ತೆಗೆದುಬಿಡಿ ಎಂದು ಅವನು ಸಿಕ್ವೇರಾ ಅವರಿಗೆ ಹೇಳಿದ.

"ಹುಡುಗರು ಅವನ ಮಾತು ಕೇಳ್ತಾರೆ," ಎಂದರು ಸಿಕ್ವೇರಾ. "ತೆಗೆದರೆ ನಮ್ಮ ಮಾತು ಕೇಳ್ತಾರಾ?"

ಲೀಗಿನ ಮೊದಲ ಪಂದ್ಯ ಬಂತು. ರೈಟ್ ಬ್ಯಾಕ್ ಆಗಿ ಇಳಿದವನು ನಿತೇಶ ತಾಂಡೇಲ, ಮೊದಲ ವರ್ಷದವನು, ಕಾಲೇಜಿನ ಅಂಗಿ ತೊಟ್ಟದ್ದೇ ಅದು ಮೊದಲು.

ಮೂವತ್ತನೆಯ ನಿಮಿಷದಲ್ಲಿ ಚೆಂಡು ರೋಹಿದಾಸನ ತಂಡಕ್ಕೆ ಸಿಕ್ಕಿತು. ಮೈದಾನದ ಅಂಚಿನಲ್ಲಿ ನಿಂತಿದ್ದ ಸಿಕ್ವೇರಾ ಮುಂದೆ ಹೋಗು ಎಂದು ಕೂಗಿದರು. ಪಕ್ಕದಲ್ಲೇ ಆಡುತ್ತಿದ್ದ ರೋಹಿದಾಸ ಹಿಂದೆ ನಿಲ್ಲು ಎಂದು ಕೂಗಿದ.

ನಿತೇಶ ಓಡಿದ, ನಿಂತ, ತಿರುಗಿದ. ಹಾಗೆ ಅರ್ಧ ತಿರುಗಿದ್ದಾಗಲೇ ಎದುರಾಳಿಯೊಬ್ಬ ಬಂದು ಅವನ ಕಾಲಿಗೆ ಅಪ್ಪಳಿಸಿದ.

ಹಿಮ್ಮಡಿಯ ಮೇಲಿನ ಮೂಳೆ ಮುರಿದಿತ್ತು. ತಂಡ ನಾಲ್ಕು ಗೋಲುಗಳಿಂದ ಸೋತಿತು. ಆ ವರ್ಷ ನಿತೇಶ ಮತ್ತೆ ಆಡಲಾರ ಎಂದು ವೈದ್ಯರು ಹೇಳಿದರು.

ರೋಹಿದಾಸ ಎರಡು ದಿನ ಮೈದಾನಕ್ಕೆ ಬರಲಿಲ್ಲ. ಮೂರನೆಯ ದಿನ ಬಂದು, ಬೆಳಗಿನ ಆಟದ ವಿಷಯವನ್ನೆಲ್ಲ ಸಿಕ್ವೇರಾ ಅವರ ಮುಂದೆ ತಾನಾಗಿಯೇ ಹೇಳಿದ. ತಂಡ ಬಿಡುತ್ತೇನೆ ಎಂದ.

"ಅವನ ಕಾಲು ಮುರಿದದ್ದು ನನ್ನಿಂದ, ಸರ್. ಹಿಂದೆ ನಿಲ್ಲು ಅಂತ ಕೂಗಿದವನು ನಾನು."

"ಮುಂದೆ ಹೋಗು ಅಂತ ಕೂಗಿದವನು ನಾನು," ಎಂದರು ಸಿಕ್ವೇರಾ.

ಇಬ್ಬರೂ ಆಸ್ಪತ್ರೆಗೆ ಹೋದರು. ನಿತೇಶ ಎದ್ದು ಕೂರಲು ನೋಡಿದ. ಸಿಕ್ವೇರಾ ಬೇಡವೆಂದರು. ಪೆಟ್ಟು ಬೀಳುವ ಮೊದಲು ಏನನ್ನಿಸಿತು ಎಂದು ಕೇಳಿದರು.

"ಇಬ್ಬರದೂ ಕೇಳಿಸ್ತು ಸರ್," ಎಂದ ನಿತೇಶ. ಅವನ ತಾಯಿ ಇಬ್ಬರಿಗೂ ಚಹಾ ಕೊಟ್ಟರು.

ಹೊರಗೆ ಬಂದ ಮೇಲೆ ಸಿಕ್ವೇರಾ ಕೇಳಿದರು. "ರೈಟ್ ಬ್ಯಾಕ್ ಯಾಕೆ ಗೆರೆ ದಾಟಬಾರದು?"

"ಮಾಸ್ತರರು ಹೇಳಿದ್ದಾರೆ ಸರ್."

"ಯಾಕೆ ಹೇಳಿದ್ರು?"

ರೋಹಿದಾಸನಿಗೆ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಅವನು ಒಮ್ಮೆಯೂ ಕೇಳಿರಲಿಲ್ಲ.

"ನನಗೂ ಗೊತ್ತಿಲ್ಲ," ಎಂದರು ಸಿಕ್ವೇರಾ. "ನಡಿ, ಕೇಳೋಣ."

ಮಾಸ್ತರರ ಮನೆ ಆಚೆ ದಡದಲ್ಲಿತ್ತು. ದೋಣಿಯಲ್ಲಿ ನದಿ ದಾಟಿ ಹೋದರು. ಮಾಸ್ತರರು ಅಂಗಳದಲ್ಲಿ ಹರಿವೆ ಮಡಿಗೆ ನೀರು ಹಾಕುತ್ತಿದ್ದರು. ಹೊಸ ಕೋಚ್ ಎಂದು ತಿಳಿದ ಮೇಲೆ ಒಳಗಿನಿಂದ ಕುರ್ಚಿ ತಂದು ಹಾಕಿದರು. ನಡೆದದ್ದನ್ನು ರೋಹಿದಾಸ ಹೇಳಿದ. ಅವರು ಪೂರ್ತಿ ಕೇಳಿದರು.

"ಪಾಂಡುರಂಗ ಅಂತ ಒಬ್ಬ ಇದ್ದ," ಎಂದರು. "ಒಂಬತ್ತು ವರ್ಷ ಆಯ್ತು. ಮೊಣಕಾಲು ಬಾತುಕೊಳ್ತಿತ್ತು. ಓಡೋಕಾಗ್ತಿರಲಿಲ್ಲ, ಆಡದೆ ಇರೋಕೂ ಆಗ್ತಿರಲಿಲ್ಲ. ರೈಟ್ ಬ್ಯಾಕ್ ನಿಲ್ಲಿಸಿದೆ, ಗೆರೆ ದಾಟಬೇಡ ಅಂದೆ. ಉಳಿದವರನ್ನ ಅವನ ಸುತ್ತ ಹೊಂದಿಸಿದೆ. ಆ ವರ್ಷ ಗೆದ್ವಿ."

"ಅವನು ಹೋದ ಮೇಲೆ?" ಎಂದು ಕೇಳಿದ ರೋಹಿದಾಸ.

"ಆಮೇಲೂ ಗೆಲ್ತಾ ಇದ್ವಿ. ಗೆಲ್ತಾ ಇರೋವಾಗ ಯಾರು ಯೋಚನೆ ಮಾಡ್ತಾರೆ?"

ಮಾಸ್ತರರು ನಿತೇಶನ ಮನೆ ಎಲ್ಲಿ ಎಂದು ವಿಚಾರಿಸಿಕೊಂಡರು.

ಹಿಂತಿರುಗುವಾಗ ದೋಣಿಯಲ್ಲಿ ರೋಹಿದಾಸ ಬಹಳ ಹೊತ್ತು ನೀರು ನೋಡುತ್ತ ಕೂತಿದ್ದ. ತಾನು ಇಷ್ಟು ದಿನ ಕಾಪಾಡಿದ್ದು, ಎಂದೂ ಕಾಣದ ಒಬ್ಬನ ಮೊಣಕಾಲನ್ನು ಎಂದು ಅವನಿಗನ್ನಿಸಿತು.

"ಹಾಗಾದರೆ ನಿಮ್ಮದೇ ಸರಿ, ಸರ್."

"ನನ್ನದು ಹಿಂದಿನ ಕಾಲೇಜಿನಲ್ಲಿ ಹೊಂದಿಸಿದ್ದು," ಎಂದರು ಸಿಕ್ವೇರಾ. "ಅಲ್ಲಿ ರೈಟ್ ಬ್ಯಾಕ್ ಗಾಳಿಯಂತೆ ಓಡ್ತಿದ್ದ. ಇಲ್ಲಿಗೆ ಬಂದು ಎರಡು ತಿಂಗಳಾಯ್ತು. ನೀವು ಹೇಗೆ ಓಡ್ತೀರಿ ಅಂತ ನಾನಿನ್ನೂ ನೋಡಿಲ್ಲ."

ಮಾರನೆಯ ದಿನದಿಂದ ಅವರು ಕೂಗುವುದನ್ನು ನಿಲ್ಲಿಸಿದರು. ನಿಮಗೆ ತೋಚಿದಂತೆ ಆಡಿ ಎಂದು ಹುಡುಗರಿಗೆ ಹೇಳಿ, ತಾವು ಮತ್ತು ಶಕೀಲ್ ಒಂದು ಬದಿಯಲ್ಲಿ ಕೂತು ನೋಡಿದರು. ಮೂರು ವಾರ ಹಾಗೇ ನಡೆಯಿತು. ನಡುವೆ ಎರಡು ಪಂದ್ಯ ಸೋತರು. ಪ್ರಾಂಶುಪಾಲರು ಕರೆಸಿ ಕೇಳಿದಾಗ, ಇನ್ನೂ ನೋಡುತ್ತಿದ್ದೇನೆ ಎಂದಷ್ಟೇ ಉತ್ತರ ಕೊಟ್ಟರು.

ನಿತೇಶನ ಜಾಗಕ್ಕೆ ಬಂದ ಹುಡುಗನಿಗೆ ದಮ್ಮು ಕಡಿಮೆ, ಆದರೆ ಚೆಂಡನ್ನು ಎಷ್ಟು ದೂರಕ್ಕಾದರೂ ಕರಾರುವಾಕ್ಕಾಗಿ ಒದೆಯಬಲ್ಲ ಎಂದು ಕಂಡಿತು. ಇನ್ನೊಂದೂ ಕಂಡಿತು. ತಂಡದಲ್ಲಿ ಚೆಂಡು ಹಿಡಿದು ಮುಂದೆ ನುಗ್ಗುವ ಶಕ್ತಿ ಎಲ್ಲರಿಗಿಂತ ಹೆಚ್ಚು ಇದ್ದದ್ದು ರೋಹಿದಾಸನಿಗೆ. ಮೂರು ವರ್ಷ ಅವನು ರೈಟ್ ಬ್ಯಾಕಿನ ಪಕ್ಕದಲ್ಲಿ ಹಿಂದೆಯೇ ನಿಂತು ಕಾಯುತ್ತಿದ್ದ.

"ನೀನು ಹೋಗು," ಎಂದರು ಸಿಕ್ವೇರಾ. "ಅವನು ನಿಲ್ಲಲಿ."

ಲೀಗಿನ ಕೊನೆಯ ಪಂದ್ಯ, ಮೊದಲ ಪಂದ್ಯದಲ್ಲಿ ಇವರನ್ನು ಸೋಲಿಸಿದ್ದ ತಂಡದ ಜೊತೆಗೇ ಇತ್ತು. ಪ್ಲಾಸ್ಟರ್ ಬಿಚ್ಚಿಸಿಕೊಂಡಿದ್ದ ನಿತೇಶ ಕೋಲೂರಿಕೊಂಡು ನೋಡಲು ಬಂದ. ಅವನ ಪಕ್ಕದಲ್ಲಿ ದತ್ತಾರಾಮ ಮಾಸ್ತರರು ಕೂತಿದ್ದರು.

ಮೊದಲ ಗೋಲು ಎದುರಾಳಿಗಳದು. ಅರವತ್ತನೆಯ ನಿಮಿಷ ದಾಟಿದ ಮೇಲೆ ರೋಹಿದಾಸ ಚೆಂಡು ಹಿಡಿದು ನಡುಗೆರೆ ದಾಟಿದ. ದಾಟುವಾಗ ಒಂದು ಕ್ಷಣ ಕಾಲು ತಡೆದಂತಾಯಿತು. ಮೈದಾನದ ಅಂಚಿನಿಂದ ಯಾರೂ ಏನೂ ಕೂಗಲಿಲ್ಲ. ಅವನು ಹೋದ. ಇಬ್ಬರನ್ನು ತಪ್ಪಿಸಿ ಅವನು ಕೊಟ್ಟ ಪಾಸಿನಿಂದ ಗೋಲಾಯಿತು.

ಪಂದ್ಯ ತಲಾ ಒಂದು ಗೋಲಿನೊಂದಿಗೆ ಸಮವಾಗಿ ಮುಗಿಯಿತು. ಲೀಗಿನಲ್ಲಿ ತಂಡ ಐದನೆಯದಾಯಿತು.

ಎಲ್ಲರೂ ಹೋದ ಮೇಲೆ ಸಿಕ್ವೇರಾ ಮೂಲೆಯ ಬಾವುಟಗಳನ್ನು ಕೀಳುತ್ತಿದ್ದರು. ರೋಹಿದಾಸ ಹತ್ತಿರ ಹೋದ. ಅವನ ಮುಖ ಅರಳಿತ್ತು.

"ಸರ್, ನಮ್ಮ ಆಟ ಯಾವುದು ಅಂತ ಈಗ ಗೊತ್ತಾಯ್ತು. ಇದನ್ನ ಒಂದು ಪುಸ್ತಕದಲ್ಲಿ ಬರೆದಿಡ್ತೀನಿ. ಮುಂದಿನ ವರ್ಷ ಬರೋ ಹುಡುಗರಿಗೆ ಉಪಯೋಗ ಆಗುತ್ತೆ."

ಸಿಕ್ವೇರಾ ಜೇಬಿನಿಂದ ಪೆನ್ನು ತೆಗೆದು ಅವನಿಗೆ ಕೊಟ್ಟರು.

"ಬರಿ. ಮೊದಲು ಮುಂದಿನ ವರ್ಷ ಬರೋ ಆ ಹುಡುಗರ ಹೆಸರು ಬರಿ, ಅವರು ಹೇಗೆ ಓಡ್ತಾರೆ ಅಂತ ಬರಿ."