ಎರಡು ಬಿಡಾರಕ್ಕೂ ಗಂಜಿ ಬಡಿಸಿದ ಮಾಳಿ

"ಕೇಳಿರಿ ಪ್ರಜೆಗಳೇ! ಅರಸುಕುವರಿ ಚೆನ್ನಾಂಬಿಕೆಯ ಮೂರು ಒಗಟು ಬಿಡಿಸಿದವರು ಅವಳ ಪ್ರಚಾರದ ಮಂದಿಗೆಲ್ಲ ಮುಖ್ಯಸ್ಥರಾಗುವರು. ತಪ್ಪಿದವರ ತಲೆ ಉಳಿಯದು!"

ಡಂಗುರ ಕೇಳಿ ಮಾಳಿ ಸೌಟು ಕೆಳಗಿಟ್ಟಳು. ಆ ನಾಡಿನಲ್ಲಿ ಊರೂರಿನ ಒಪ್ಪಿಗೆ ಪಡೆದವರಿಗೇ ಪಟ್ಟ. ಕುವರಿಗಾಗಿ ಕೂಲಿಯಿಲ್ಲದೆ ತಿರುಗುತ್ತಿದ್ದವರು ಕೇತಯ್ಯನ ಬಣ, ಬಾಚರಸನ ಬಣ ಎಂದು ಒಡೆದು, ಬಾವುಟ ಹಿಡಿದು ಮುಂದೆ ನಡೆಯುವವರು ಯಾರೆಂದು ಬಡಿದಾಡಿದ್ದರು. ಇಬ್ಬರು ಸತ್ತರು. ಅವರಲ್ಲೊಬ್ಬ ಮಾಳಿಯ ತಮ್ಮ ಬೀರ. ಬಾಚರಸನ ಕಡೆಯವರ ದೊಣ್ಣೆಗೆ ಬಿದ್ದವನು.

ಸಭೆಯಲ್ಲಿ ಕೇತಯ್ಯ ಮೊದಲು ಎದ್ದು ನಿಂತ.

"ಕಾಲಿಲ್ಲದೆ ಬಿಡಾರದಿಂದ ಬಿಡಾರಕ್ಕೆ ಹೋಗುತ್ತದೆ. ಹೊರಡುವಾಗ ಇಲಿ, ತಲುಪುವಾಗ ಹುಲಿ. ಏನದು?" ಎಂದಳು ಕುವರಿ.

"ಬೆಂಕಿ."

ಅಂಗಳದಲ್ಲೇ ಅವನ ತಲೆ ಉರುಳಿತು.

ಬಾಚರಸ ಮುಂದೆ ಬಂದ. "ಅದು ಚಾಡಿ. ಕೇತಯ್ಯ ಹಬ್ಬಿಸಿದ ಚಾಡಿ!"

"ಸರಿ. ಹತ್ತು ಜನ ಹೊತ್ತರೆ ಹೂವಿನಷ್ಟು ಹಗುರ. ಒಬ್ಬ ನನ್ನದೆಂದರೆ ಯಾರಿಂದಲೂ ಎತ್ತಲಾಗದು. ಏನದು?"

"ಸಿಂಹಾಸನ."

ಭಟರು ಅವನ ಕೈ ಕಟ್ಟಿ ರಕ್ತದ ಪಕ್ಕದಲ್ಲೇ ಮಂಡಿಯೂರಿಸಿದರು. ಮಾಳಿ ಮುಂದೆ ಬಂದಳು. "ಕತ್ತಿ ಎತ್ತುವ ಮೊದಲು ನನ್ನನ್ನೂ ಕೇಳಿ, ತಾಯಿ."

"ಸುಮ್ಮನೆ ಸಾಯಬೇಡ, ಹೋಗು."

"ಎರಡು ಬಿಡಾರಕ್ಕೂ ಗಂಜಿ ಬಡಿಸಿದವಳು ನಾನು. ಮೊದಲನೆಯದು ಚಾಡಿಯೇ, ಆದರೆ ಕೇತಯ್ಯನೊಬ್ಬನದಲ್ಲ. ಅಲ್ಲಿ 'ಅವರು ತಡವಾಗಿ ಬಂದರು' ಅಂದದ್ದು ಇಲ್ಲಿಗೆ ಬರುವಷ್ಟರಲ್ಲಿ 'ಅವರು ವೈರಿಗೆ ಮಾರಿಕೊಂಡರು' ಎಂದಾಗಿರುತ್ತಿತ್ತು. ಎರಡನೆಯದು ನಿಮಗಾಗಿ ಎಲ್ಲರೂ ಕೂಡಿ ಹೊತ್ತ ಕೆಲಸ. ಎಲ್ಲ ನನ್ನಿಂದಲೇ ಆಯಿತೆಂದು ಒಬ್ಬ ಎದೆ ತಟ್ಟಿಕೊಂಡ ದಿನವೇ ಉಳಿದವರು ಕೈಬಿಟ್ಟರು."

ಕುವರಿಯ ದನಿ ತಗ್ಗಿತು. "ಇಬ್ಬರನ್ನು ಕೊಂದ ಕೈ ಎರಡೂ ಬಣದಲ್ಲಿಲ್ಲ. ಎಲ್ಲಿದೆ?"

ಮಾಳಿ ಕೆಳಗೆ ನೋಡುತ್ತ ಅಂದಳು: "ನಿಮ್ಮ ಮಡಿಲಲ್ಲಿದೆ, ತಾಯಿ. 'ಬಾವುಟ ನಿನಗೇ' ಎಂದು ಇಬ್ಬರಿಗೂ ಗುಟ್ಟಾಗಿ ಮಾತು ಕೊಟ್ಟಿರಿ. ಜಗಳ ಹತ್ತಿದಾಗ ಬಾಗಿಲು ಹಾಕಿಕೊಂಡು ಕೂತಿರಿ."

ಕುವರಿ ಪೀಠದಿಂದ ಇಳಿದು ಬಂದು, "ನಿಜ. ಇದನ್ನು ನನ್ನೆದುರು ಆಡುವವರೇ ಬೇಕಿತ್ತು," ಎಂದಳು. "ಇನ್ನು ನೀನೇ ಮುಖ್ಯಸ್ಥೆ. ಅದರ ಮೇಲೆ ಇನ್ನೇನು ಬೇಕೋ ಕೇಳು."

"ಬಾಚರಸನ ಕಟ್ಟು ಬಿಚ್ಚಿಸಿ."

"ನಿನ್ನ ತಮ್ಮನನ್ನು ಕೊಂದದ್ದು ಅವನ ಕಡೆಯವರಲ್ಲವೇ?"

"ಹೌದು. ಅವನ ಮುಖ ಕಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಇನ್ನೊಂದು ಹೆಣ ಹೊತ್ತು ಯಾವ ಊರಿನ ಒಪ್ಪಿಗೆ ಕೇಳಲಿ? ನೀವು ಸತ್ತವರ ಮನೆಗಳಿಗೆ ಹೋಗಿ ಬನ್ನಿ."

ಚೆನ್ನಾಂಬಿಕೆ ಅಂದೇ ಬರಿಗಾಲಲ್ಲಿ ಹೊರಟಳು. ಎರಡು ಮನೆಯವರು ಅವಳನ್ನು ಒಳಗೆ ಕರೆದರು. ಮೂರನೆಯದು ಕೇತಯ್ಯನ ಮನೆ. ಆ ಬಾಗಿಲು ತೆರೆಯಲಿಲ್ಲ.